ಮುಸ್ತಕೀಮ್ ಮಾಸ್ಟರ ಬಣ್ಣದ ಗುಟ್ಟು

ಭದ್ರಾವತಿಯ ಜನ್ನಾಪುರದಲ್ಲಿ ಬ್ಲೌಸು ಹೊಲಿಸಬೇಕೆಂದರೆ ಹೆಂಗಸರು ಎರಡನೇ ಮಾತಿಲ್ಲದೆ ಮುಸ್ತಕೀಮ್ ಮಾಸ್ಟರ ಅಂಗಡಿಗೆ ಬರುತ್ತಾರೆ. ಅಂಗಡಿಯೆಂದರೆ ಏನು ಮಹಾ, ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಗೊಂದು ಕನ್ನಡಿ. ಆದರೆ ಆ ಕೈಯಲ್ಲಿ ಹೊಲಿದ ಬ್ಲೌಸು ಭುಜದಲ್ಲಿ ಜಾರಿತು, ಕಂಕುಳಲ್ಲಿ ಬಿಗಿಯಿತು ಅನ್ನುವ ಮಾತನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಆಡಿಲ್ಲ.

ಈ ಹೆಂಗಸರಿಗೊಂದು ಅಭ್ಯಾಸ. ಬಟ್ಟೆ ಕೈಗೆ ಕೊಡುವಾಗ ಬಣ್ಣ ಹೇಳಿಯೇ ಕೊಡುತ್ತಾರೆ. “ಮಾಸ್ಟ್ರೇ, ಈ ಎಲೆಹಸಿರು ಶುಕ್ರವಾರಕ್ಕೆ ಬೇಕು.” “ಈ ಕುಂಕುಮದ ಬಣ್ಣದ್ದಕ್ಕೆ ಉದ್ದ ತೋಳು ಇಡಿ.” ಕಣ್ಣೆದುರಿಗೇ ಇರುವ ಬಟ್ಟೆಗೆ ಹೆಸರೇಕೆ ಹೇಳಬೇಕು? ಹೆಂಗಸರಿಗೆ ಬಣ್ಣವೆಂದರೆ ಪ್ರಾಣ, ಹೇಳದಿದ್ದರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಮಾಸ್ಟರು ತಿಳಿದುಕೊಂಡಿದ್ದರು. ಒಳಗೊಳಗೇ ಆ ಅಭ್ಯಾಸಕ್ಕಾಗಿ ದೇವರಿಗೆ ಶುಕ್ರಿಯಾ ಹೇಳುತ್ತಿದ್ದರು. ಏಕೆಂದರೆ ಮುಸ್ತಕೀಮರಿಗೆ ಹುಟ್ಟಿದಾಗಿನಿಂದ ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಹೀಗೆಂದ ಕೂಡಲೇ ಜನ “ಅಯ್ಯೋ ಪಾಪ, ಎಲ್ಲಾ ಕಪ್ಪುಬಿಳುಪಾಗಿ ಕಾಣುತ್ತಾ?” ಅನ್ನುತ್ತಾರೆ. ಇಲ್ಲ ಮಾರಾಯರೇ! ನೀಲಿ ಅವರಿಗೆ ನೀಲಿಯೇ, ಅರಿಶಿನ ಅರಿಶಿನವೇ. ಕೆಂಪು ಹಸಿರು ಎರಡು ಮಾತ್ರ ಕಲೆತು ಒಂದೇ ಥರದ ಮಣ್ಣುಬಣ್ಣವಾಗಿ ಕಾಣುತ್ತವೆ. ಹಸಿಮೆಣಸಿನಕಾಯಿಗೂ ಹಣ್ಣು ಮೆಣಸಿನಕಾಯಿಗೂ ವ್ಯತ್ಯಾಸ ತಿಳಿಯಬೇಕಾದರೆ ಮುಟ್ಟಿ ನೋಡಬೇಕು. ಅದರ ಬದಲಿಗೆ ಬಟ್ಟೆಯ ನೇಯ್ಗೆ, ನೂಲಿನ ಹುರಿ, ಎಲ್ಲಿ ಎಳೆ ಸಡಿಲ ಎಲ್ಲಿ ಬಿಗಿ, ಇವೆಲ್ಲ ಅವರ ಕಣ್ಣಿಗೆ ನಮಗಿಂತ ಚೆನ್ನಾಗಿ ಬೀಳುತ್ತವೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಜನಕ್ಕೆ “ಹಾಗಾದ್ರೆ ನನ್ನ ಶರ್ಟು ಯಾವ ಬಣ್ಣ ಹೇಳು ನೋಡಣ” ಅನ್ನುವುದರಲ್ಲೇ ಸಂತೋಷ.

ಅವರ ಅಬ್ಬಾ ಕೂಡ ದರ್ಜಿಯೇ. ಹತ್ತು ವರ್ಷದ ಮಗ ಹಸಿರು ಲಂಗಕ್ಕೆ ಕೆಂಪು ದಾರದಲ್ಲಿ ಅಂಚು ಹೊಲಿದು ಹೆಮ್ಮೆಯಿಂದ ತಂದು ತೋರಿಸಿದಾಗ ಅಬ್ಬಾ ಬಯ್ಯಲಿಲ್ಲ, ಬಾಗಿಲು ಹಾಕಿ ಬಂದರು. “ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ. ಬಣ್ಣ ಕಾಣದ ದರ್ಜಿ ಹತ್ರ ಯಾರು ಬರ್ತಾರೆ?” ಅಂದರು. ಅಂದಿನಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು. ಮದುವೆಯಾದ ಮೇಲೆ ಹೆಂಡತಿ ವಜೀರಾಳಿಗೆ ಮಾತ್ರ ಹೇಳಿದರು. ಪ್ರತಿದಿನ ಬೆಳಿಗ್ಗೆ ಅವಳು ಬಂದು ಆಯಾ ಬಟ್ಟೆಗೆ ಆಯಾ ದಾರದುಂಡೆ ಜೋಡಿಸಿ ಪಿನ್ನು ಚುಚ್ಚಿ ಹೋಗುತ್ತಿದ್ದಳು.

ಅಬ್ಬಾ ಕಲಿಸಿದ ಇನ್ನೊಂದು ಪಾಠವೂ ಇತ್ತು. ಅಳತೆ ಪುಸ್ತಕವೆಂದರೆ ಅಮಾನತ್ತು, ನಂಬಿ ಇಟ್ಟ ಒಡವೆ. ಹೆಂಗಸಿನ ಅಳತೆಯನ್ನು ಅವಳ ಗಂಡ ಬಂದು ಕೇಳಿದರೂ ತೋರಿಸಕೂಡದು. ಅಬ್ಬಾ ಸಾಯುವ ಮುಂಚೆ ತಮ್ಮ ಹನ್ನೊಂದು ಅಳತೆ ಪುಸ್ತಕಗಳನ್ನು ಹಿತ್ತಲಿನಲ್ಲಿ ತಾವೇ ಕೂತು ಸುಟ್ಟರು.

ದಾರ, ಲೈನಿಂಗು ಎಲ್ಲ ಬರುತ್ತಿದ್ದದ್ದು ಶಿವಮೊಗ್ಗದ ಗಾಂಧಿ ಬಜಾರಿನ ಮನೋಹರನ ಸಗಟು ಅಂಗಡಿಯಿಂದ. ಮೊದಲು ಫೋನಿನಲ್ಲಿ “ನೂರಾ ನಲವತ್ತೆರಡು ಒಂದು ಡಬ್ಬಿ” ಅಂದರೆ ಸಾಕಾಗಿತ್ತು, ಪ್ರತಿ ಬಣ್ಣಕ್ಕೂ ನಂಬರು. ಎರಡು ವರ್ಷದ ಹಿಂದೆ ಮನೋಹರ ತನ್ನ ಅಣ್ಣನ ಮಗಳು, ಇಂಜಿನಿಯರು ತನುಶ್ರೀಯ ಕೈಲಿ ‘ಸೂಜಿದಾರ’ ಅನ್ನುವ ಆಪ್ ಮಾಡಿಸಿದ. ದಾರದ ಆರ್ಡರು ಅದರಲ್ಲೇ, ಗಿರಾಕಿಗಳ ಅಳತೆಯೂ ಅದರಲ್ಲೇ. ಪುಸ್ತಕ ಹರಿಯುತ್ತದೆ, ಆಪ್ ಹರಿಯುವುದಿಲ್ಲ ಎಂದು ಜಿಲ್ಲೆಯ ಮುನ್ನೂರು ಟೈಲರುಗಳು ಅಳತೆ ಬರೆದಿಟ್ಟರು. ಮಾಸ್ಟರೂ ಬರೆದಿಟ್ಟರು.

ಈ ವರ್ಷ ಆಪಿಗೆ ಹೊಸ ರೂಪ ಬಂತು. ನಂಬರುಗಳೆಲ್ಲ ಮಾಯ! ಪರದೆಯ ತುಂಬ ಬರೀ ಬಣ್ಣದ ಪುಟ್ಟ ಚೌಕಗಳು. ಅದೇ ವಾರ ವಜೀರಾ ತಂಗಿಯ ಬಾಣಂತನಕ್ಕೆಂದು ಸಾಗರಕ್ಕೆ ಹೋಗಿದ್ದಳು. ಮಾಸ್ಟರು ಅಂದಾಜಿನ ಮೇಲೆ ಒತ್ತಿದರು. ಬಂದ ದಾರವನ್ನು ಪಕ್ಕದ ಹೂವಿನವಳಿಗೆ ಏನೋ ನೆಪ ಹೇಳಿ ತೋರಿಸಿದರೆ, ಹಸಿರಿನ ಬದಲು ಪೂರ್ತಿ ಡಬ್ಬಿ ಮೆರೂನು.

ಮಾಸ್ಟರು ಕೈಕಟ್ಟಿ ಕೂರುವ ಆಸಾಮಿಯಲ್ಲ. ಕೆಟ್ಟ ಯಂತ್ರ ಕಂಡರೆ ಬಿಚ್ಚಿ ನೋಡದೆ ಊಟ ಸೇರದು. ಲಾಕ್‌ಡೌನಿನಲ್ಲಿ ಬಟ್ಟೆ ಬರುವುದು ನಿಂತಾಗ ಮಗಳು ಇರಂಳ ಲ್ಯಾಪ್‌ಟಾಪಿನಲ್ಲಿ ವೀಡಿಯೊ ನೋಡಿ ನೋಡಿ ಕಂಪ್ಯೂಟರಿನ ಒಳಮರ್ಮ ಅಷ್ಟಿಷ್ಟು ಕಲಿತಿದ್ದರು. ವೆಬ್ ಪುಟಕ್ಕೂ ಬ್ಲೌಸಿನ ಹಾಗೆ ಒಳಮೈ ಇರುತ್ತದೆ, ತಿರುವಿ ಹಾಕಿದರೆ ಹೊಲಿಗೆ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಸೂಜಿದಾರದ ಪುಟ ತೆರೆದು ತಿರುವಿದರು. ಪ್ರತಿ ಚೌಕದ ಹಿಂದೆಯೂ ಹಳೆಯ ನಂಬರು ಹಾಗೇ ಕೂತಿತ್ತು! ಖುಷಿಗೆ ಒಬ್ಬರೇ ನಕ್ಕರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಪುಟದ ವಿಳಾಸದ ಕೊನೆಯಲ್ಲಿ ತಮ್ಮ ಅಂಗಡಿಯ ಸಂಖ್ಯೆ ಇನ್ನೂರಾ ಹದಿನಾಲ್ಕು ಇದ್ದದ್ದು ಕಂಡಿತು. ಅದನ್ನು ಹದಿಮೂರು ಮಾಡಿದರೆ ಏನಾಗುತ್ತದೆ? ಮಾಡಿದರು. ಶಿಕಾರಿಪುರದ ಯಾವುದೋ ಟೈಲರಿನ ಪುಟ ತೆರೆದುಕೊಂಡಿತು. ಹೆಂಗಸರ ಹೆಸರು, ಫೋನ್ ನಂಬರು, ಎದೆ, ಸೊಂಟ, ತೋಳು. ಒಬ್ಬನದೇ ಎಡವಟ್ಟೋ, ಎಲ್ಲರದೂ ಹೀಗೆಯೋ ಎಂದು ಇನ್ನೆರಡು ಸಂಖ್ಯೆ ಒತ್ತಿದರು. ಎಲ್ಲ ಬಾಗಿಲೂ ತೆರೆದೇ ಇದ್ದವು. ಹಾಗಾದರೆ ತನ್ನ ಇನ್ನೂರಾ ಹದಿನಾಲ್ಕೂ ತೆರೆದೇ ಇದೆ. ಜನ್ನಾಪುರದ ಅಷ್ಟೂ ಹೆಂಗಸರು ತನ್ನನ್ನು ನಂಬಿ ಕೊಟ್ಟ ಅಳತೆ! ಮಾಸ್ಟರಿಗೆ ಅಬ್ಬಾ ಸುಟ್ಟ ಪುಸ್ತಕಗಳ ನೆನಪಾಗಿ ಅಳು ಬಂತು.

ಮನೋಹರನಿಗೆ ಫೋನು ಮಾಡಿದರು. “ನಿಮಗ್ಯಾಕ್ರೀ ಅವೆಲ್ಲ, ಹೊಲಿಗೆ ನೋಡ್ಕಳಿ” ಅಂದ. ವಾಟ್ಸಾಪಿನಲ್ಲಿ ಬರೆದರು, ಉತ್ತರವಿಲ್ಲ. ಮೂರನೇ ಸಲ ಗಾಂಧಿ ಬಜಾರಿಗೇ ಹೋದರು. ಅಷ್ಟರಲ್ಲಿ ಮನೋಹರ ಆಪಿನಲ್ಲಿ ಯಾರು ಯಾವ ಪುಟ ತೆರೆದರೆಂಬ ದಾಖಲೆ ತೆಗೆಸಿ ನೋಡಿದ್ದ.

“ಮೂರು ಜನ ಟೈಲರ್‌ಗಳ ಪುಟ ತೆಗ್ದಿದ್ದೀರಿ. ಇದಕ್ಕೆ ಹ್ಯಾಕಿಂಗ್ ಅಂತಾರೆ, ಜೈಲಾಗುತ್ತೆ ಗೊತ್ತಾ?” ಎಂದು ಗಿರಾಕಿಗಳೆದುರಿಗೇ ಕೂಗಾಡಿದ. “ಅದಿರ್ಲಿ, ಮೊದಲು ನೀವು ಒಳಗೆ ಯಾಕೆ ಕೈ ಹಾಕಿದ್ರಿ? ದಾರ ಬೇಕಿದ್ರೆ ಬಣ್ಣ ನೋಡಿ ಒತ್ತೋದು ತಾನೇ?”

ಕಾರಣ ಹೇಳಿದರೆ ಗುಟ್ಟೇ ಬಯಲು. ಮಾಸ್ಟರು ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಜಾತಿಯ ಜನ ನಾವು. ತಲೆ ತಗ್ಗಿಸಿದವನೇ ಕಳ್ಳ. ಸಂಜೆಯೊಳಗೆ ಟೈಲರುಗಳ ಗುಂಪಿನಲ್ಲಿ ಸುದ್ದಿ ಓಡಾಡಿತು: ಭದ್ರಾವತಿ ಕಡೆಯ ಒಬ್ಬ ಟೈಲರು ಹೆಂಗಸರ ಅಳತೆ ಕದ್ದಿದ್ದಾನಂತೆ. ಟೈಲರುಗಳು ಗಾಬರಿಬಿದ್ದು ಮನೋಹರನ ಫೋನು ಬಿಸಿಯಾಗುವಷ್ಟು ಕರೆ ಮಾಡಿದರು. ಅವನು ಗುರುವಾರ ಶಿವಮೊಗ್ಗದ ನವುಲೆಯ ಆಪ್ ಆಫೀಸಿನಲ್ಲಿ ಸಭೆ ಕರೆದ. “ಅವತ್ತು ಎಲ್ರ ಮುಂದೆ ಕಾರಣ ಹೇಳ್ಬೇಕು. ಇಲ್ಲಾಂದ್ರೆ ಅಲ್ಲಿಂದ ಸೀದಾ ಸ್ಟೇಷನ್ನು” ಎಂದು ಮಾಸ್ಟರಿಗೆ ಹೇಳಿ ಕಳಿಸಿದ.

ವಜೀರಾ ಸಾಗರದಿಂದ ಓಡಿಬಂದಳು. “ಅಜೀ, ಹೇಳಿಬಿಡಿ. ಕಣ್ಣಿಂದು ಹೇಳೋಕೆ ಎಂಥಾ ನಾಚಿಕೆ?”

“ಹೇಳಿದ್ರೆ ಅಂಗಡಿಗೆ ಬೀಗ. ಮೂವತ್ತು ವರ್ಷ ಮುಚ್ಚಿಟ್ಟಿದ್ದು.”

“ಹೇಳದಿದ್ರೆ ಮಾನಕ್ಕೇ ಬೀಗ” ಅಂದಳು ವಜೀರಾ. ಅಷ್ಟು ಹೇಳಿ ಅವಳೂ ಅತ್ತಳು.

ಗುರುವಾರ ಬಸ್ಸು ಹತ್ತಿದ ಮಾಸ್ಟರು ಮಲವಗೊಪ್ಪ ಬರುತ್ತಿದ್ದಂತೆ ಎದ್ದು ಇಳಿದುಬಿಟ್ಟರು. ರಸ್ತೆ ದಾಟಿ ಭದ್ರಾವತಿಗೆ ಹೋಗುವ ಬಸ್ಸಿಗೆ ಕಾದು ನಿಂತರು. ಬಸ್ಸು ಬಂತು. ಇಳಿದ ಹೆಂಗಸರಲ್ಲಿ ಒಬ್ಬಳ ಮೈಮೇಲಿದ್ದ ಬ್ಲೌಸು ತಮ್ಮದೇ ಕೈಯ ಹೊಲಿಗೆ, ಬೆನ್ನಿನ ಟಕ್ಕು ಮಡಿಕೆ ನೋಡಿದ ಕೂಡಲೇ ತಿಳಿಯಿತು. ಆಕೆ ಗುರುತು ಹಿಡಿದು “ಆರಾಮಾ ಮಾಸ್ಟ್ರೇ?” ಎಂದು ನಕ್ಕು ಹೋದಳು. ಆಕೆಯ ಅಳತೆಯೂ ಆ ತೆರೆದ ಬಾಗಿಲೊಳಗೇ ಇತ್ತು. ಮಾಸ್ಟರು ಮತ್ತೆ ರಸ್ತೆ ದಾಟಿ ಶಿವಮೊಗ್ಗದ ಬಸ್ಸು ಹತ್ತಿದರು.

ಆಫೀಸಿನಲ್ಲಿ ಮೂವತ್ತು ಜನ ಟೈಲರುಗಳು ಕೂತಿದ್ದರು. ಮಾಸ್ಟರು ನಿಂತುಕೊಂಡೇ ಹೇಳಿದರು.

“ನಂಗೆ ಕೆಂಪು ಹಸಿರು ಗೊತ್ತಾಗಲ್ಲ. ನಿಮ್ಮ ಚೌಕ ನಂಗೆ ಎಲ್ಲಾ ಒಂದೇ. ನಂಬರ್ ಹುಡ್ಕಕ್ಕೆ ಒಳಗೆ ಹೋದೆ. ಹೋದಾಗ ನಿಮ್ಮ ಮನೆ ಬಾಗಿಲು ತೆಗ್ದಿರೋದು ಕಾಣ್ತು. ಅದನ್ನ ಹೇಳಕ್ಕೆ ಮೂರು ಸಲ ನೋಡ್ದೆ, ಫೋನ್ ಮಾಡ್ದೆ, ಬರ್ದೆ, ಬಂದೆ.”

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. “ಇದೊಳ್ಳೆ ಕತೆ, ಬಣ್ಣ ಕಾಣದೆ ಬ್ಲೌಸ್ ಹೊಲೀತಾನಂತೆ” ಎಂದು ಮನೋಹರ ಕೈಬೀಸಿದ. ತನುಶ್ರೀ ಡ್ರಾಯರಿನಿಂದ ಎರಡು ದಾರದುಂಡೆ ತೆಗೆದು ಮುಂದೆ ಹಿಡಿದಳು, ಒಂದು ಎಲೆಹಸಿರು, ಒಂದು ಇಟ್ಟಿಗೆಕೆಂಪು. ಮಾಸ್ಟರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು.

“ಬಣ್ಣ ಎರಡೂ ಒಂದೇ. ಆದ್ರೆ ಈ ಎಡಗಡೇದು ಹುರಿ ಸಡಿಲ ಇದೆ. ಯಂತ್ರಕ್ಕೆ ಹಾಕಿದ್ರೆ ಗಜಕ್ಕೊಂದ್ಸಲ ಕಿತ್ತುಹೋಗುತ್ತೆ. ಇದನ್ನ ಮಾರ್ಬೇಡಿ.”

ಮುಂದಿನ ಸಾಲಿನಲ್ಲಿದ್ದ ಒಬ್ಬ ಟೈಲರು ಆ ದಾರ ಎಳೆದು ನೋಡಿದ. ಪಟ್ಟನೆ ಕಿತ್ತಿತು. ಆಮೇಲೆ ಯಾರೂ ನಗಲಿಲ್ಲ.

ತನುಶ್ರೀಯ ಮುಖ ಸಪ್ಪಗಾಯಿತು. “ತಪ್ಪು ನಂದು. ಚೌಕ ಚೆನ್ನಾಗಿ ಕಾಣ್ತವೆ ಅಂತ ನಂಬರ್ ತೆಗೆದೆ. ಎಲ್ಲರಿಗೂ ನನ್ನ ಕಣ್ಣೇ ಇರುತ್ತೆ ಅಂದ್ಕೊಂಡಿದ್ದೆ. ಬಾಗಿಲು ಹಾಕದೆ ಬಿಟ್ಟಿದ್ದೂ ನಾನೇ.” ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದಳು. “ಇವರನ್ನ ಸ್ಟೇಷನ್ನಿಗೆ ಕಳಿಸೋದಲ್ಲ ಚಿಕ್ಕಪ್ಪ, ಕೆಲಸಕ್ಕೆ ಇಟ್ಕೋಬೇಕು. ವಾರಕ್ಕೆರಡು ದಿನ ಬಂದು ಎಲ್ಲೆಲ್ಲಿ ತೂತಿದೆ ಹುಡುಕಿ ಕೊಡ್ಲಿ.”

“ಕಳ್ಳನ ಕೈಗೆ ಬೀಗದಕೈ ಕೊಡು ಅಂತೀಯಾ?”

“ಕಳ್ಳ ಮೂರು ಸಲ ಬಾಗಿಲು ಬಡೀತಾನಾ? ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು. ಅನುಮಾನ ಇದ್ರೆ ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿಸ್ಕೊಳ್ಳಿ.”

ಅರ್ಧ ಗಂಟೆ ಜಗಳವಾಯಿತು. ನಾಳೆ ಇವನೇ ಮಾರಿಕೊಂಡರೆ ಅಂದವರಿದ್ದರು, ಇವನು ಹೇಳದಿದ್ದರೆ ನಾಳೆ ಇನ್ಯಾರೋ ಮಾರಿಕೊಳ್ಳುತ್ತಿದ್ದರು ಅಂದವರೂ ಇದ್ದರು. ಎರಡೂ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಮನೋಹರ, ಗಂಟಲಲ್ಲಿ ಮುಳ್ಳು ಸಿಕ್ಕವನ ಮುಖ ಮಾಡಿಕೊಂಡು “ಆಯ್ತು ಕಣಮ್ಮ” ಅಂದ.

“ನಂದೂ ಒಂದು ಮಾತಿದೆ” ಅಂದರು ಮಾಸ್ಟರು. “ನಂಬರ್ ವಾಪಸ್ ಬರ್ಬೇಕು. ಬಾಗಿಲು ಇವತ್ತೇ ಹಾಕ್ಬೇಕು. ಮತ್ತೆ ಅಳತೆ ಹೊರಗೆ ಕಾಣ್ತಿತ್ತು ಅನ್ನೋದನ್ನ ಆ ಹೆಂಗಸರಿಗೆಲ್ಲ ತಿಳಿಸ್ಬೇಕು. ಅಮಾನತ್ತು ಅವರದ್ದು.” ಮನೋಹರ ಕೊಸರಾಡಿದ, ವ್ಯಾಪಾರ ಹಾಳಾಗುತ್ತದೆ ಅಂದ. ಟೈಲರುಗಳು ಕೂತ ಜಾಗದಿಂದ ಏಳಲಿಲ್ಲ. ಅವನು ಒಪ್ಪಲೇಬೇಕಾಯಿತು.

ಮಾಸ್ಟರು ಊರು ಮುಟ್ಟುವ ಮುಂಚೆಯೇ ಸುದ್ದಿ ಜನ್ನಾಪುರ ಮುಟ್ಟಿತ್ತು. ಮಾನ ಉಳಿಯಿತು, ಇನ್ನು ಅಂಗಡಿಯ ಕತೆ? ಮರುದಿನ ಬಾಗಿಲು ತೆರೆದು ಕೂತರು. ಒಂಬತ್ತಾಯಿತು, ಹತ್ತಾಯಿತು, ಒಂದು ನರಪಿಳ್ಳೆಯಿಲ್ಲ. ಅಬ್ಬಾ ಹೇಳಿದ್ದು ಸುಳ್ಳಲ್ಲ ಅಂದುಕೊಂಡು ಖಾಲಿ ಯಂತ್ರಕ್ಕೆ ಎಣ್ಣೆ ಬಿಡುತ್ತ ಕೂತರು. ಹನ್ನೊಂದಕ್ಕೆ ದುರ್ಗಮ್ಮ ಬಂದರು. ಕಾರ್ಖಾನೆ ಕ್ವಾರ್ಟರ್ಸಿನಾಕೆ, ಅರವತ್ತು ದಾಟಿದಾಕೆ, ಹದಿನೈದು ವರ್ಷದ ಗಿರಾಕಿ.

“ದುರ್ಗಮ್ಮ, ವಿಷಯ ಗೊತ್ತಾಯ್ತಲ್ಲ” ಅಂದರು ಮಾಸ್ಟರು, ತಲೆಯೆತ್ತದೆ. “ನನ್ನ ಕಣ್ಣು...”

“ಎಂಥ ಗೊತ್ತಾಗೋದು ಮಾರಾಯ? ಎಂಟು ವರ್ಷದಿಂದ ಗೊತ್ತು ನಂಗೆ.”

ಮಾಸ್ಟರು ಎಣ್ಣೆ ಡಬ್ಬಿ ಕೆಳಗಿಟ್ಟು ತಲೆಯೆತ್ತಿದರು.

“ನಮ್ಮ ಹುಡುಗಿ ನಿಶ್ಚಿತಾರ್ಥಕ್ಕೆ ಹಸಿರು ಬ್ಲೌಸಿಗೆ ಕೆಂಪು ದಾರದಲ್ಲಿ ಹುಕ್ಕು ಕೂರಿಸಿದ್ದೆ ನೀನು, ವಜೀರಾ ಊರಲ್ಲಿಲ್ಲದಾಗ. ನನ್ನ ತಮ್ಮನೂ ಹಂಗೇ, ರೈಲ್ವೆ ಡ್ರೈವರ್ ಕೆಲಸ ತಪ್ಪಿಹೋಗಿದ್ದೇ ಅದಕ್ಕೆ. ನೋಡಿದ ತಕ್ಷಣ ಅರ್ಥ ಆಯ್ತು. ಬೀದೀಲಿ ಎಲ್ರಿಗೂ ಹೇಳಿದೆ, ಮಾಸ್ಟ್ರಿಗೆ ಬಟ್ಟೆ ಕೊಡ್ಬೇಕಾದ್ರೆ ಬಣ್ಣ ಬಾಯಿಬಿಟ್ಟು ಹೇಳಿ ಕೊಡ್ರೇ, ಯಾಕೆ ಏನು ಅಂತ ಅವನನ್ನ ಕೇಳ್ಬೇಡಿ ಅಂತ. ಹೊಸದಾಗಿ ಬಂದ ಸೊಸೆಯಂದ್ರಿಗೂ ಅದನ್ನೇ ಕಲಿಸಿದೀವಿ.”

ಎಂಟು ವರ್ಷ! ಎಲೆಹಸಿರು, ಕುಂಕುಮ, ಕನಕಾಂಬರ ಎಂದು ಬಾಯಿತುಂಬ ಹೇಳಿ ಕೊಟ್ಟ ಅಷ್ಟೂ ಹೆಂಗಸರು ಮಾಸ್ಟರ ಕಣ್ಣಮುಂದೆ ಬಂದರು.

“ಮತ್ತೆ ಬೆಳಿಗ್ಗೆಯಿಂದ ಯಾಕೆ ಯಾರೂ ಬರ್ಲಿಲ್ಲ?” ಎಂದು ಕಣ್ಣೊರಸಿಕೊಂಡು ಕೇಳಿದರು.

“ಇವತ್ತು ಶುಕ್ರವಾರ, ನಲ್ಲೀಲಿ ನೀರು ಬಂದಿದೆ. ನೀರು ಬಿಟ್ಟು ಬರ್ತಾರಾ?” ದುರ್ಗಮ್ಮ ಸ್ಟೂಲು ಎಳೆದು ಕೂತರು. “ಅದ್ಸರಿ, ಅಳೋದು ನಿಲ್ಸು. ನಮ್ಮ ಅಳತೆ ನೀನು ಯಾರಿಗೂ ಹೇಳ್ಲಿಲ್ಲ. ನಿನ್ನ ಬಣ್ಣ ನಾವು ಯಾರಿಗೂ ಹೇಳ್ಲಿಲ್ಲ. ಲೆಕ್ಕ ಸರಿಹೋಯ್ತು.”

ಚೀಲದಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. “ಇದು ದಾಳಿಂಬೆ ಕೆಂಪು. ಬುಧವಾರ ಬೇಕು.”

ಮಾಸ್ಟರು ಆ ಬಟ್ಟೆಯ ಮೇಲೆ ಕೈಯಾಡಿಸಿದರು. ಹುಟ್ಟಿದಾಗಿನಿಂದ ಕೇಳಬೇಕೆಂದಿದ್ದು, ಯಾರನ್ನೂ ಕೇಳಲಾಗದೆ ಉಳಿದದ್ದು, ಇವತ್ತು ತಾನಾಗಿ ಬಾಯಿಗೆ ಬಂತು.

“ದುರ್ಗಮ್ಮ, ದಾಳಿಂಬೆ ಕೆಂಪು ಅಂದ್ರೆ ನಿಮಗೆ ಹೆಂಗೆ ಕಾಣುತ್ತೆ?”

“ಅಯ್ಯೋ, ಅದನ್ನ ಹೆಂಗಪ್ಪ ಹೇಳೋದು” ಅಂದರು ದುರ್ಗಮ್ಮ. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳತೊಡಗಿದರು.