ಬೈಸಿಕೊಳ್ಳುವ ಹುದ್ದೆ

ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ, ಒಂಬತ್ತನೆಯ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಓದಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ, ಅದಕ್ಕೂ ನನ್ನ ಮೇಲೆ ಇದ್ದಿರಲಾರದು. ಅಪ್ಪನ ಸೊಂಟ ಹಿಡಿದುಕೊಂಡಿತ್ತು, ಕುರಿಗಳ ಹಿಂದೆ ನಡೆಯಲು ಎರಡು ಕಾಲು ಬೇಕಾಗಿದ್ದವು, ಮನೆಯಲ್ಲಿ ಬಿಡುವಾಗಿದ್ದ ಕಾಲುಗಳು ನನ್ನವೇ. ಶಾಲೆಯಲ್ಲಿ ಕಲಿತದ್ದು ತಮಿಳು, ಮನೆಯಲ್ಲಿ ಆಡಿದ್ದು ಕನ್ನಡ. ಕನ್ನಡದ ಅಕ್ಷರವನ್ನು ಆಮೇಲೆ ಹೊಸೂರಿನ ಭಾವನ ಮನೆಯಲ್ಲಿ, ಹಳೆಯ ಪತ್ರಿಕೆಗಳ ಮೇಲೆ ಬೆರಳಿಟ್ಟುಕೊಂಡು, ಯಾರಿಗೂ ಫೀಸು ಕಟ್ಟದೆ ಕಲಿತೆ. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ಕಲ್ಲು ಸಿಕ್ಕರೆ, ಅನ್ನದಲ್ಲಿ ಸಿಕ್ಕಾಗ ಮಾಡುವಂತೆ, ಪಕ್ಕಕ್ಕಿಟ್ಟು ಮುಂದುವರಿಯಿರಿ.

ನೀವು ಹಬ್ಬಕ್ಕೆ ಪಾಯಸ ಮಾಡುವ ಸಬ್ಬಕ್ಕಿ ಇದೆಯಲ್ಲ, ನಾವು ಜವ್ವರಿಸಿ ಅನ್ನುವುದು, ಅದರಲ್ಲಿ ಒಂದು ಹಿಡಿಯಾದರೂ ನನ್ನ ಕಣ್ಣೆದುರು ಒಣಗಿದ್ದಿರಬಹುದು. ಧರ್ಮಪುರಿಯಿಂದ ಸೇಲಂಗೆ ಹೋಗುವ ದಾರಿಯ ಒಂದು ಮಿಲ್ಲಿನಲ್ಲಿ ನಾನು ಮೇಸ್ತ್ರಿ. ಮರಗೆಣಸನ್ನು ಅರೆದು, ಹಾಲು ತೆಗೆದು, ಕಾಳು ಕಟ್ಟಿ ಹುರಿದ ಮೇಲೆ ಅದನ್ನು ಒಣಗಿಸುವ ಕೆಲಸ ನನ್ನ ತಂಡದ್ದು. ತಂಡವೆಂದರೆ ನಲ್ಲಂಪಳ್ಳಿಯ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಂಗಸರು. ಅವರನ್ನೆಲ್ಲ ಮನೆಮನೆಯಿಂದ ಎಬ್ಬಿಸಿ ಕರೆತಂದವಳು ಮಾದಮ್ಮಕ್ಕ. ನನಗಿಂತ ಹಿರಿಯಳು, ಎಲ್ಲರೆದುರು ನನ್ನನ್ನು ಮೇಸ್ತ್ರಿ ಎಂದೂ, ಸಿಟ್ಟು ಬಂದಾಗ ತಂಬಿ, ಅಂದರೆ ತಮ್ಮ, ಎಂದೂ ಕರೆಯುವವಳು.

ವರ್ಷಾನುಗಟ್ಟಲೆ ನಾವು ದುಡಿದದ್ದು ಬಿಸಿಲಿನಲ್ಲಿ. ಮಿಲ್ಲಿನ ಹಿಂದಿನ ಸಿಮೆಂಟಿನ ಕಣದಲ್ಲಿ ಬೆಳ್ಳನೆಯ ಕಾಳನ್ನು ಹರಡಿ, ಹಲಗೆಯಿಂದ ಸಾಲೆಳೆದು, ತಿರುವಿ, ಮತ್ತೆ ತಿರುವಿ, ಸಂಜೆಗೆ ಗುಡ್ಡೆ ಹಾಕುವುದು. ನಡುವೆ ಏರ್ಕಾಡು ಬೆಟ್ಟದ ಕಡೆಯಿಂದ ಮೋಡವೇನಾದರೂ ಇಣುಕಿದರೆ ಹೆಂಗಸರೂ ಟಾರ್ಪಾಲೂ ಮೇಸ್ತ್ರಿಯೂ ಒಟ್ಟಿಗೆ ಓಡುವುದು. ಎಷ್ಟು ಓಡಿದರೂ ಒಮ್ಮೊಮ್ಮೆ ಮಳೆಯೇ ಗೆಲ್ಲುತ್ತಿತ್ತು. ಆಗ ನಾವು ನೆಂದ ಸರಕಿನ ಸುತ್ತ ನಿಂತು, ಕತ್ತೆತ್ತಿ, ಮಳೆಯನ್ನು ಅದರ ವಂಶಸಮೇತ ಬೈಯುತ್ತಿದ್ದೆವು. ಆ ಬೈಗುಳಗಳ ಸೊಗಸನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ನಾಚಿಕೊಂಡಾರು. ಬೈದು ಮುಗಿದ ಮೇಲೆ ಯಾರಾದರೊಬ್ಬರು ನಗುತ್ತಿದ್ದರು, ಟೀ ಬರುತ್ತಿತ್ತು, ಕೆಲಸ ಮತ್ತೆ ಶುರುವಾಗುತ್ತಿತ್ತು.

ಹೀಗಿರುವಾಗ ಮೊದಲಾಳಿ, ಅಂದರೆ ನಮ್ಮ ಮಾಲೀಕರು, ಬಿಸಿಗಾಳಿಯಲ್ಲಿ ಕಾಳು ಒಣಗಿಸುವ ಯಂತ್ರವೊಂದನ್ನು ತಂದು ತಗಡಿನ ಶೆಡ್ಡಿನೊಳಗೆ ಕೂರಿಸಿದರು. ಯಾರನ್ನೂ ಕೆಲಸದಿಂದ ಬಿಡಿಸುವುದಿಲ್ಲ ಎಂದರು, ಬಿಡಿಸಲೂ ಇಲ್ಲ. ನಾವು ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೆವು. ಇನ್ನು ಅಂಗಾಲು ಸುಡುವುದಿಲ್ಲ, ಆಕಾಶ ನೋಡಿ ನೋಡಿ ಕತ್ತು ನೋಯುವುದಿಲ್ಲ, ನೆರಳಿನಲ್ಲಿ ನಿಂತು ದುಡಿಯುವ ಆಫೀಸಿನವರಾದೆವು ಎಂದು ಬೀಗಿದೆವು.

ಆದರೆ ನೆರಳು ಯಾಕೋ ನಮಗೆ ಒಗ್ಗಲಿಲ್ಲ. ಬಿಸಿಲಿನಲ್ಲಿ ಇಲ್ಲದ ಮುನಿಸುಗಳು ಶೆಡ್ಡಿನೊಳಗೆ ಹುಟ್ಟಿದವು. ಒಟ್ಟಿಗೆ ತೆರೆಯುತ್ತಿದ್ದ ಊಟದ ಡಬ್ಬಿಗಳು ಒಂದೊಂದು ಮೂಲೆ ಹಿಡಿದವು. ಸದಾ ಹಾಡಿಕೊಂಡಿರುತ್ತಿದ್ದ ಸೆಲ್ವಿ, ನಮ್ಮಲ್ಲೆಲ್ಲ ಚಿಕ್ಕವಳು, ಬಾಯಿಗೆ ಬೀಗ ಹಾಕಿಕೊಂಡಳು. ಅಷ್ಟರಲ್ಲಿ ಒಂದು ದಿನ ಕಾವು ಹೆಚ್ಚಾಗಿ ಯಂತ್ರದ ತುಂಬ ಇದ್ದ ಕಾಳು ಕೆಂಪಾಗಿಬಿಟ್ಟಿತು. ಕೆಂಪು ಜವ್ವರಿಸಿಯನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಮೊದಲಾಳಿ ಬಂದು, ಯಾರು ಮಾಡಿದ್ದು ಎಂದು ಕೇಳಿದರು. ಒಬ್ಬಳು ಇನ್ನೊಬ್ಬಳನ್ನು ನೋಡಿದಳು, ಇನ್ನೊಬ್ಬಳು ಮತ್ತೊಬ್ಬಳನ್ನು. ಹಾಗೆ ಸುತ್ತಿ ಸುತ್ತಿ ಎಲ್ಲರ ಕಣ್ಣುಗಳೂ ಯಂತ್ರದ ಪಕ್ಕದಲ್ಲೇ ನಿಂತಿದ್ದ ಮಾದಮ್ಮಕ್ಕನ ಮೇಲೆ ಹೋಗಿ ನಿಂತವು. ಅವಳು ತಲೆಗೆ ಕಟ್ಟಿದ ಟವೆಲನ್ನು ಬಿಚ್ಚಿ, ಮಡಿಸಿ, ಬಸ್ ಸ್ಟಾಪಿನ ಕಡೆ ನಡೆದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನ ಅವಳ ಜೊತೆ ಇನ್ನಿಬ್ಬರು ಬರಲಿಲ್ಲ. ಸೋಮವಾರದೊಳಗೆ ನಿನ್ನ ಆಳುಗಳು ಸರಿಹೋಗದಿದ್ದರೆ ಕಾಂಟ್ರಾಕ್ಟಿನವರನ್ನು ತರಿಸುತ್ತೇನೆ ಎಂದು ಮೊದಲಾಳಿ ಹೇಳಿದಾಗ, ಕಟ್ಟಿದ ತಂಡ ನನ್ನ ಕಣ್ಣೆದುರೇ ಬಿಚ್ಚಿಹೋಗುತ್ತಿರುವುದು ಕಾಣಿಸಿತು. ಮಾದಮ್ಮಕ್ಕ ಬಾರದಿದ್ದರೆ ಯಾರೂ ನಿಲ್ಲುವುದಿಲ್ಲ. ಬೈಕು ಹತ್ತಿ ಅವಳ ಊರಿಗೆ ಹೋದೆ.

ಅವಳು ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು.

"ಬಾ ತಂಬಿ, ಕೂತ್ಕ. ಮಿಷಿನ್ನ ಒಂಟಿಯಾಗ್ ಬುಟ್ಟು ಬಂದೀಯಲ್ಲ, ಅತ್ಕಂಡಿರಾಕಿಲ್ವಾ ಅದು?"

"ಅಕ್ಕ, ಕಾಳು ಕೆಂಪಾಗಿದ್ದು ಯಾರಿಂದ ಅಂತ ಕೇಳಾಕೆ ನಾನು ಬಂದಿಲ್ಲ."

"ಕೇಳುದ್ರೂ ಏಳಾಕೆ ನಂಗೇ ಗೊತ್ತಿಲ್ಲ." ಅವಳು ಇನ್ನೊಂದು ಹಣ್ಣು ಕುಟ್ಟಿದಳು. "ಮಳೇಲಿ ಎಷ್ಟ್ ದಪ ಸರಕು ನೆಂದೋಯ್ತು. ಟಾರ್ಪಾಲು ಎಳೆಯಾಕೆ ತಡ ಮಾಡಿದ್ದು ಒಂದೊಂದ್ ದಪ ನಾನೇಯಾ. ಯಾರಾದ್ರೂ ನನ್ ಮಕ ನೋಡುದ್ರಾ? ಮ್ಯಾಕ್ ನೋಡ್ಕಂಡು ಮಳೆನ ಬೈದ್ರಿ, ಟೀ ಕುಡುದ್ರಿ. ಇವಾಗ ಮ್ಯಾಗೆ ತಗಡು ಐತೆ. ಅದ್ಕೇ ಪಕ್ಕದೋರ್ ಮಕ ನೋಡ್ತೀರಿ."

"ಶೆಡ್ಡೊಳಕ್ಕೆ ಮಳೆ ಎಲ್ಲಿಂದ ತರ್ಲಿ ಅಕ್ಕ?"

"ಬೈಸ್ಕಳಾಕೆ ಯಾರೋ ಒಬ್ರು ಬೇಕು, ಅಷ್ಟೇಯಾ. ನೀನ್ ಮೇಸ್ತ್ರಿ. ನೋಡ್ಕ."

ದಾರಿಯುದ್ದಕ್ಕೂ ನಾನು ಮಳೆಯ ಬಗ್ಗೆಯೇ ಯೋಚಿಸಿದೆ. ನೋಡಿ, ಎಷ್ಟು ದೊಡ್ಡ ಕೆಲಸಗಾರ ಅದು. ನಮ್ಮ ಸೋಮಾರಿತನ, ಮರೆವು, ಅವಸರ ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಂಡು, ಬೈಗುಳವನ್ನೂ ಹೊತ್ತುಕೊಂಡು, ತಕರಾರಿಲ್ಲದೆ ಮುಂದಿನ ಊರಿಗೆ ಹೋಗಿಬಿಡುತ್ತಿತ್ತು. ಹೊಸ ಯಂತ್ರ ಬಂದಾಗ ಯಾರ ಕೈ ಖಾಲಿಯಾದೀತು ಎಂದು ಎಲ್ಲರೂ ಲೆಕ್ಕ ಹಾಕಿದೆವು. ಮಳೆಯ ಕೆಲಸ ಹೋಯಿತಲ್ಲ, ಆ ಜಾಗಕ್ಕೆ ಯಾರು ಎಂದು ಒಬ್ಬರೂ ಕೇಳಲಿಲ್ಲ. ನಿಮ್ಮ ಕಚೇರಿಗಳಲ್ಲೂ ಹೀಗೇ ಆಗುತ್ತದೋ ಏನೋ, ನೀವೇ ಬಲ್ಲಿರಿ. ಹಳೆಯ ಫೈಲಿಗೆ ಅಂಟುತ್ತಿದ್ದ ತಪ್ಪು, ಹೊಸ ಕಂಪ್ಯೂಟರು ಬಂದ ದಿನದಿಂದ ಪಕ್ಕದ ಕುರ್ಚಿಯವನಿಗೆ ಅಂಟುತ್ತಿರಬಹುದು.

ಆದರೆ ಒಂದು ಮಾತು ಹೇಳಿಬಿಡಬೇಕು. ನಾನು ಮಾನಿಷ್ಠ. ಓದಿದವರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ನನಗೆ ಹಾಗೆ ತೂಗುಹಾಕಲು ಇದ್ದದ್ದು, ಕೆಲಸದ ಜಾಗದಲ್ಲಿ ಯಾರೂ ನನಗೆ ಒಂದು ಬಿರುಸು ಮಾತು ಆಡಿಲ್ಲ ಎಂಬುದೊಂದೇ. ಅದನ್ನು ಗೋಡೆಯಿಂದ ಇಳಿಸಲು ದಾರಿ ಪೂರ್ತಿ ಬೇಕಾಯಿತು.

ಬೆಳಿಗ್ಗೆ ಶೆಡ್ಡಿನಲ್ಲಿ ಉಳಿದವರನ್ನು ನಿಲ್ಲಿಸಿ ಹೇಳಿದೆ: "ಇವತ್ತಿಂದ ಮಳೆ ನಾನೇ. ಏನ್ ಕೆಟ್ರೂ ನನ್ನ ಬೈರಿ. ಮೊದಲಾಳಿಗೆ ಉತ್ರ ಏಳೋನೂ ನಾನೇ. ಒಬ್ರ ಮಕ ಒಬ್ರು ನೋಡಂಗಿಲ್ಲ."

ಸೆಲ್ವಿ ಮೆಲ್ಲಗೆ ಕೇಳಿದಳು: "ಎಂಗ್ ಬೇಕಾದ್ರೂ ಬೈಬೋದಾ ಅಣ್ಣ?"

"ಮಳೇನ ಬೈದಂಗೇಯಾ."

"ನಿಮ್ಮಮ್ಮನ್ನೂ ಸೇರ್ಸ್ಕಂಡಾ?"

"ಅವ್ಳು ಊರಾಗೆ ಸುಮ್ನೆ ಅವ್ಳೆ. ಅವ್ಳನ್ನ ಬುಟ್ಬುಡು."

ಮಧ್ಯಾಹ್ನದ ಹೊತ್ತಿಗೆ ಯಂತ್ರದ ಬೆಲ್ಟು ಕಿತ್ತುಕೊಂಡು, ಒಳಗಿದ್ದ ಕಾಳು ಅರ್ಧ ಹಸಿಯಾಗಿಯೇ ನಿಂತಿತು. ಅಭ್ಯಾಸಬಲದಿಂದ ಕಣ್ಣುಗಳು ಸುತ್ತಲು ಶುರುವಿಟ್ಟವು, ನಡುದಾರಿಯಲ್ಲಿ ತಡೆದವು, ನನ್ನ ಮೇಲೆ ಬಂದು ಕೂತವು. ಸೆಲ್ವಿ ಉಸಿರೆಳೆದುಕೊಂಡಳು. "ಈ ಮೇಸ್ತ್ರಿ ಮೀಸೆಗೆ ಬೆಂಕಿ ಬೀಳ, ಇವ್ನು ಮಿಷಿನ್ ಕಾಯಾಕ್ ಬಂದವ್ನಾ, ನಿದ್ದೆ ಕಾಯಾಕ್ ಬಂದವ್ನಾ" ಎಂದು ಆರಂಭಿಸಿದವಳು ನನ್ನ ನಡಿಗೆ, ನನ್ನ ಹೊಟ್ಟೆ, ನನ್ನ ಬೈಕಿನ ಸದ್ದು ಯಾವುದನ್ನೂ ಬಿಡಲಿಲ್ಲ. ಮಿಕ್ಕವರು ಸರದಿ ಹಿಡಿದರು. ಕಿವಿ ಬಿಸಿಯಾಯಿತು, ಆದರೂ ನಿಂತೆ. ಮಳೆ ಎಂದಾದರೂ ಎದುರು ಮಾತಾಡಿದೆಯೇ? ಕೊನೆಗೆ ಯಾರೋ ನಕ್ಕರು. ಟೀ ಬಂತು.

ಟೀ ಕುಡಿಯುವಾಗ ಸೆಲ್ವಿ ಪಕ್ಕಕ್ಕೆ ಬಂದು ನಿಂತಳು. "ಅಣ್ಣ, ಬೆಲ್ಟು ಸಡ್ಲಾಗಿದ್ದುನ್ನ ಬೆಳಿಗ್ಗೇನೇ ನೋಡ್ದೆ. ಏಳಾಕೆ ಎದ್ರಿಕೆ ಆಯ್ತು." ಮೊದಲಾಳಿ ಬಂದಾಗ ನಾನು ತಪ್ಪು ನನ್ನದು ಎಂದೆ, ಅವರ ಪಾಲಿನ ಬೈಗುಳವನ್ನೂ ತಿಂದೆ. ಮರುದಿನದಿಂದ ಯಂತ್ರ ಸ್ವಲ್ಪ ಕೊಸರಾಡಿದರೂ ಸಾಕು, ನಾಲ್ಕು ಕಡೆಯಿಂದ ನನ್ನನ್ನು ಕೂಗುತ್ತಿದ್ದರು. ಕಾಳು ಮತ್ತೆ ಕೆಂಪಾಗಲಿಲ್ಲ.

ಈ ಸುದ್ದಿ ಬಸ್ಸು ಹತ್ತಿ ಹಳ್ಳಿಗಳನ್ನೆಲ್ಲ ಸುತ್ತಿರಬೇಕು. ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಇಬ್ಬರನ್ನು ಬೆನ್ನಿಗಿಟ್ಟುಕೊಂಡು ಮಾದಮ್ಮಕ್ಕ ನಿಂತಿದ್ದಳು.

"ಯಾರ್ಲಾ ಇಲ್ಲಿ ಮಳೆ?"

"ನಾನೇ ಅಕ್ಕ."

"ನಾನ್ ಬರ್ದೆ ಇದ್ದ ದಿನದ್ದೆಲ್ಲ ಬಾಕಿ ಐತೆ, ನಿಂತ್ಕ" ಎಂದು ಟವೆಲನ್ನು ತಲೆಗೆ ಕಟ್ಟಿಕೊಳ್ಳುತ್ತಲೇ ಶುರುಮಾಡಿದಳು. ಮೊದಲಾಳಿ ಬಾಗಿಲವರೆಗೆ ಬಂದು, ಒಳಗಿನ ಗದ್ದಲ ಕೇಳಿ, ಕಾಂಟ್ರಾಕ್ಟಿನ ಮಾತೆತ್ತದೆ ಹಿಂದಿರುಗಿದರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ತಗಡಿನ ಶೆಡ್ಡು, ಒಂದು ಯಂತ್ರ, ಹನ್ನೊಂದು ಜನ ಹೆಂಗಸರು. ಮಾದಮ್ಮಕ್ಕನೂ ಸೇರಿ, ಒಬ್ಬರೂ ಕಡಿಮೆಯಾಗಿಲ್ಲ.