ಹುಣಸೆಬೀಜದ ನಾಲ್ಕು ಮನೆ

ಹೂ ಕೊಳ್ಳುವವರು ಸೊಪ್ಪನ್ನೂ ಕೊಳ್ಳುತ್ತಾರೆ ಎಂದು ನಾನು ಬಹಳ ವರ್ಷ ಬೀಗಿಕೊಂಡು ಹೇಳುತ್ತಿದ್ದೆ. ಗೋವಿಂದರಾಜನಗರದ ಒಂದು ತಿರುವಿನಲ್ಲಿ ಹೂವು, ಸೊಪ್ಪು, ನಿಂಬೆಹಣ್ಣು ಮಾರುವವಳು ನಾನು. ಓದು ಬಸ್ಸಿನ ಬೋರ್ಡಿಗೆ ಮುಗಿಯುತ್ತದೆ. ಆದರೆ ಕೈಚೀಲ ನೋಡಿದರೆ ಸಾಕು, ಯಾರ ಮನೆಯಲ್ಲಿ ಇವತ್ತು ಏನು ಸಾರು ಎಂದು ಹೇಳಬಲ್ಲೆ ಎಂಬ ಜಂಬಕ್ಕೆ ಕೊರತೆಯಿಲ್ಲ.

ಬಿ.ಕಾಂ. ಓದುವ ಮೊಮ್ಮಗಳು ರಶ್ಮಿ ಒಪ್ಪಲಿಲ್ಲ. "ಅಜ್ಜಿ, ನಿನ್ ಕಣ್ಣಿಗೆ ನಿಂಗೆ ಬೇಕಾದ್ದೇ ಕಾಣ್ಸುತ್ತೆ. ಎಣಿಸಿ ನೋಡ್ಬೇಕು" ಎಂದು ರಟ್ಟಿನ ಮೇಲೆ ಚೌಕಾಬಾರದ ಹಾಗೆ ನಾಲ್ಕು ಮನೆ ಬರೆದಳು: ಎರಡೂ ಕೊಂಡವರು, ಹೂ ಮಾತ್ರ, ಸೊಪ್ಪು ಮಾತ್ರ, ಎರಡೂ ಬೇಡದೆ ನಿಂಬೆಹಣ್ಣಿಗೆ ಬಂದವರು. ತಲೆಗೊಂದು ಹುಣಸೆಬೀಜ. ಹೂ ಕೊಂಡವರಲ್ಲೂ ಕೊಳ್ಳದವರಲ್ಲೂ ಸೊಪ್ಪು ಒಯ್ಯುವವರ ಪಾಲು ಹೆಚ್ಚುಕಮ್ಮಿ ಒಂದೇ ಆದರೆ ಹೂವಿಗೂ ಸೊಪ್ಪಿಗೂ ನಂಟಿಲ್ಲವಂತೆ.

ನಾನು ಸುಮ್ಮನೆ ಒಪ್ಪಿದೆ ಅಂದುಕೊಳ್ಳಬೇಡಿ. ನನಗೂ ಒಂದು ಭಯವಿತ್ತು. ಹಿಂದಿನ ಬೀದಿಯ ಸಾವಿತ್ರಮ್ಮ ದಿನಾ ಒಂದು ಮೊಳ ಕನಕಾಂಬರ, ಒಂದು ಕಟ್ಟು ಮೆಂತ್ಯ ಒಯ್ಯುತ್ತಿದ್ದರು. ಹೋದ ತಿಂಗಳು ಅವರ ಯಜಮಾನರು ತೀರಿಕೊಂಡ ಮೇಲೆ ಈ ಕಡೆ ಬಂದಿಲ್ಲ. ಇನ್ನು ಹೂ ಮುಡಿಯುವುದಿಲ್ಲ. ನನ್ನ ನಂಟು ನಿಜವಾದರೆ ಸೊಪ್ಪಿಗೂ ಬರುವುದಿಲ್ಲ. ಒಂದು ಕಟ್ಟು ಮೆಂತ್ಯ ಹೋದರೆ ಹೋಗಲಿ. ಪಕ್ಕದ ಕಲ್ಲಿನ ಮೇಲೆ ಕೂತು ನಮ್ಮ ನಮ್ಮ ಸೊಸೆಯರನ್ನು ಬೈದುಕೊಳ್ಳಲು ನನಗೆ ಇನ್ನೊಬ್ಬರಿಲ್ಲ.

ಒಂದು ವಾರ ಬೀಜ ಹಾಕಿದೆ. ರಶ್ಮಿ ಎಣಿಸಿ, "ನಂಟೂ ಇಲ್ಲ, ಗಿಂಟೂ ಇಲ್ಲ. ಸೋತೆ ಕಣಜ್ಜಿ" ಎಂದಳು. ಸೋತು ಇಷ್ಟು ಹಿಗ್ಗಿದ್ದು ಇದೇ ಮೊದಲು. "ಆದ್ರೆ ಒಬ್ರು ಏನ್ ಮಾಡ್ತಾರೆ ಅಂತ ಇದು ಹೇಳಲ್ಲ" ಎಂದೂ ಸೇರಿಸಿದಳು, ಹಾಳಾದವಳು.

ಮರುದಿನ ಸಾವಿತ್ರಮ್ಮ ಬರುವುದು ಕಂಡಿತು. ಅವರಿಗೆ ನೋವಾಗದಿರಲೆಂದು ಹೂಬುಟ್ಟಿಯ ಮೇಲೆ ಗೋಣಿ ಎಳೆದೆ. ಗಂಡ ಹೋದ ಮೇಲೂ ಇದೇ ಕೈಯಲ್ಲಿ ಹೂ ಕಟ್ಟಿ ಬದುಕಿದವಳು ನಾನು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

"ಇದೇನೇ ಗೌರಮ್ಮ, ಹೂವಿಗೂ ಚಳಿನಾ?" ಎಂದು ಅವರೇ ಗೋಣಿ ಸರಿಸಿದರು. "ಒಂದ್ ಮೊಳ ಕೊಡು, ಮುಡ್ಕೋತೀನಿ. ಮದುವೆಗೆ ಮುಂಚೆನೂ ಮುಡೀತಿದ್ದೆ."

ಮೊಳ ಹಾಕಿದೆ, ಸ್ವಲ್ಪ ಉದ್ದವೇ. ಮೆಂತ್ಯದ ಕಟ್ಟಿಗೆ ಕೈ ಹಾಕಿದಾಗ ತಡೆದರು.

"ಅದು ಬೇಡ. ಅವ್ರಿಗೆ ಇಷ್ಟ ಅಂತ ತಗೋತಿದ್ದೆ. ನಂಗೆ ಆ ಕಹಿ ಸೇರೋದೇ ಇಲ್ಲ."

ರಟ್ಟು ಇನ್ನೂ ಅಲ್ಲೇ ಇತ್ತು. 'ಹೂ ಮಾತ್ರ' ಮನೆಗೆ ಒಂದು ಬೀಜ ಹಾಕಿದೆ. ಸಾವಿತ್ರಮ್ಮ ಕಲ್ಲಿನ ಮೇಲಿನ ಧೂಳು ಕೊಡವಿ ಕೂತು, "ಹ್ಞೂಂ, ನಿನ್ ಸೊಸೆ ಸಮಾಚಾರ ಶುರು ಮಾಡು" ಎಂದರು. ಸುಮ್ಮನೆ ಕೂರಲು ಬರುವವರಿಗೆ ರಶ್ಮಿ ರಟ್ಟಿನ ಮೇಲೆ ಮನೆಯನ್ನೇ ಬರೆದಿಲ್ಲ.