ಮೇವಿಸ್ ಆಗ್ಲಿ ಅಗೆದು ತೆಗೆದ ಕಡಲಕುದುರೆ

ನಮ್ಮ ಥಾರ್ನ್‌ಸೀ ಊರಿನ ಕಡಲಸೇತುವೆಗೆ ಮೇವಿಸ್ ಆಗ್ಲಿ ಇಪ್ಪತ್ತೆಂಟು ವರ್ಷ ಬಣ್ಣ ಬಳಿದವಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ನೀರಿನ ಮೇಲೆ ಅಡ್ಡಾಡುವ ಸುಖಕ್ಕೆಂದೇ ಕಟ್ಟಿದ ಸೇತುವೆ ಅದು. ಆಚೆ ದಡವಿಲ್ಲ, ತುದಿಯಲ್ಲೊಂದು ಕುಣಿತದ ಮಂಟಪ ಅಷ್ಟೆ. ಬಳಿಯುತ್ತ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಗೆ ತುಕ್ಕು ಹಿಡಿದಿರುತ್ತಿತ್ತು.

ಒಂದು ಜನವರಿಯ ಬಿರುಗಾಳಿ ಅದರ ನಡುಭಾಗವನ್ನು ಕಿತ್ತುಕೊಂಡು ಹೋಯಿತು. ಗೇಟಿಗೆ ಬೀಗ ಬಿತ್ತು. ಅಂಚಿನುದ್ದಕ್ಕೂ ಇದ್ದ ಕಬ್ಬಿಣದ ಕಟಕಟೆಯಲ್ಲಿ ಅಳಿದುಳಿದದ್ದು ಗುಜರಿ ಸೇರಿತು.

ಹನ್ನೊಂದು ವರ್ಷದ ಮೇಲೆ ದುರಸ್ತಿ ಶುರುವಾದಾಗ ಒಂದು ತೊಡಕು. ಕಡಲಕುದುರೆಯ ಚಿತ್ತಾರವಿದ್ದ ಆ ಎರಕದ ಕಟಕಟೆಯ ಒಂದೇ ಒಂದು ಇಡೀ ತುಂಡೂ ಸಿಗಲಿಲ್ಲ. ಅಚ್ಚು ತೆಗೆಯಲು ಒಂದಾದರೂ ಬೇಕು. ಇಲ್ಲದಿದ್ದರೆ ಬೋಳು ಪೈಪೇ ಗತಿ.

ಅರವತ್ತೇಳರ ಮೇವಿಸ್, ಮೇಸ್ತ್ರಿ ಗಾರ್ತ್ ಬ್ಲೆಂಕಿನ್‌ನ ಮುಂದೆ ಹೋಗಿ ನಿಂತಳು.

“ಸೇತುವೆಯ ಎಂಟನೇ ಕಾಲಿನ ಹತ್ರ ಒಂದು ಬಿತ್ತು ಕಣೋ. ಆ ಗಾಳೀಲಿ ನಾನೇ ಕಣ್ಣಾರೆ ನೋಡಿದೀನಿ.”

“ಅಲ್ರೀ ಮೇವಿಸ್, ಅದೀಗ ಕಡಲಾಚೆ ಹಾಲೆಂಡ್ ಸೇರಿರತ್ತೆ!”

“ತೇಲಿಕೊಂಡು ಹೋಗಕ್ಕೆ ಅದೇನು ನಿನ್ನ ತಲೆ ಥರ ಟೊಳ್ಳಾ?”

ಮಾರ್ಚಿನಲ್ಲಿ, ವರ್ಷದ ಅತಿ ದೊಡ್ಡ ಇಳಿತದ ಬೆಳಿಗ್ಗೆ, ಸಮುದ್ರ ಹಿಂದೆ ಸರಿಯಿತು. ಎಂಟನೇ ಕಾಲಿನ ಬುಡ ಬರಿದಾಗುವುದು ನಲವತ್ತು ನಿಮಿಷ ಮಾತ್ರ. ನನ್ನ ಮೀನು ಕರಿಯುವ ಅಂಗಡಿ ಮುಚ್ಚಿ ನಾನೂ ಸಲಿಕೆ ಹಿಡಿದು ಓಡಿದೆ. ಗಾರ್ತ್ ನಗುತ್ತಲೇ ಹಗ್ಗ ಹಿಡಿದು ಮೂರು ಆಳುಗಳನ್ನು ಕರೆತಂದ. ಮೇವಿಸ್ ಸರಳಿನಿಂದ ಮರಳು ಚುಚ್ಚುತ್ತ ಹೋದಳು. ಅರ್ಧ ಗಂಟೆ ಬರೀ ಕಲ್ಲು, ಬಾಟಲಿ. ಅಲೆ ನಮ್ಮ ಬೂಟು ನೆಕ್ಕತೊಡಗಿತು.

“ಸಾಕು, ಮೇಲೆ ಬನ್ರೀ!” ಗಾರ್ತ್ ಕೂಗಿದ.

ಆಗ ಠಣ್ ಎಂದಿತು.

“ಕೇಳಿಸ್ತೇನ್ರೋ? ಕಲ್ಲು ಹಂಗನ್ನಲ್ಲ!”

ಮೇವಿಸ್ ಮಂಡಿಯೂರಿ ಕೈಯಲ್ಲೇ ಬಗೆದಳು. ಸುರುಳಿ ಬಾಲ ಕಂಡಿತು, ಆಮೇಲೆ ಕುದುರೆಯ ಮೂತಿ, ಅದರ ಮೇಲೆ ಅವಳೇ ಬಳಿದ ಹಸಿರು. ಗಾರ್ತ್ ಓಡಿಬಂದು ನೀರಿಗೆ ಧುಮುಕಿ ಹಗ್ಗ ಬಿಗಿದ. ಸೊಂಟದವರೆಗೆ ನೀರೇರಿದರೂ ಆರೂ ಜನ ಎಳೆದೆವು. ಅದು ಒಮ್ಮೆಲೇ ಕಿತ್ತು ಬಂದಾಗ ಎಲ್ಲರೂ ಅಂಗಾತ ಬಿದ್ದೆವು. ಕಿರುಚಿದವರು ಯಾರು, ನಕ್ಕವರು ಯಾರು, ತಿಳಿಯಲಿಲ್ಲ.

ಆ ಒಂದರ ಅಚ್ಚಿನಿಂದ ನಾನೂರು ಎರಕವಾದವು. ಎರಡು ಬೇಸಿಗೆ ಕಳೆದು ಸೇತುವೆ ತೆರೆದ ದಿನ, ಬ್ಯಾಂಡು ಮೊದಲ ಸ್ವರ ಊದುವ ಮುಂಚೆಯೇ ಜನ ನುಗ್ಗಿದರು. ನಗರಸಭೆಯವರು ಮೇವಿಸ್‌ಗೆಂದು ಮುಂದಿನ ಸಾಲಿನಲ್ಲಿ ಇಟ್ಟಿದ್ದ ಕುರ್ಚಿ ಖಾಲಿಯಿತ್ತು. ಅವಳು ಆಗಲೇ ತುದಿಯ ಮಂಟಪಕ್ಕೆ ಓಡಿ, ಗಾರ್ತ್‌ನನ್ನು ಎಳೆದುಕೊಂಡು ಕುಣಿಯುತ್ತಿದ್ದಳು.

“ಕಾಲು ತುಳೀಬೇಡ್ವೋ, ಕೋಣ!”